ಅಡಿಕೆ ಸುಲಿಯುವ ಜಗಲಿಯಲ್ಲಿ ಮಾತು ಬಿಚ್ಚಿದ ಗಂಡಸರು

"ಗಂಡಸರು ತಮ್ಮ ಕಾಯಿಲೆಯ ಮಾತನಾಡಲು ಬರುವುದಿಲ್ಲ ಮಾರಾಯರೇ, ಚಹಾದ ದುಡ್ಡು ದಂಡ" ಎಂದು ಪಾಲಿಯೇಟಿವ್ (ರೋಗಿಗಳ ನೋವು ತಗ್ಗಿಸುವ ಆರೈಕೆಯ) ಕೆಲಸದಲ್ಲಿ ಪಳಗಿದವರೇ ನನಗೆ ಹೇಳಿದ್ದರು. ಈಗ ಕಾಸರಗೋಡಿನ ಎಣ್ಮಕಜೆ, ಬದಿಯಡ್ಕ ಕಡೆಯ ಹತ್ತು ಹನ್ನೆರಡು ಮಂದಿ ವಾರಕ್ಕೊಮ್ಮೆ ಸೇರುತ್ತಾರೆ. ಎಲ್ಲರೂ ಕ್ಯಾನ್ಸರ್ ಪೀಡಿತರು, ಎಲ್ಲರೂ ಗಂಡಸರು.

ಮೊದಲು ಸಭಾಂಗಣದಲ್ಲಿ ಸಭೆ ಕರೆದೆವು. ಬಾಡಿಗೆ, ಬ್ಯಾನರ್, ತಿಂಡಿ ಎಂದು ಮೂರು ಸಾವಿರದಷ್ಟು ಹೋಯಿತು, ಬಂದವರು ಹೆಂಡತಿಯರು. ರೋಗದ ಹೆಸರಿನ ಬ್ಯಾನರಿನ ಕೆಳಗೆ ಊರವರೆದುರು ಕೂರಲು ಯಾರಿಗೆ ಮನಸ್ಸಾದೀತು? ತಾಳಮದ್ದಳೆಯನ್ನೂ ಇಡಿಸಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲವೇ, ಜನ ಬಂದರು, ಅರ್ಥಗಾರಿಕೆ ಕೇಳಿದರು, ವಾಲಿಯ ಪರ ವಾದಿಸುತ್ತಲೇ ಮನೆಗೆ ನಡೆದರು. ಹಿಮ್ಮೇಳದವರ ಸಂಭಾವನೆ ಕೈಯಿಂದ ಹೋಯಿತು.

ದಾರಿ ಸಿಕ್ಕಿದ್ದು ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿಯುವ ಜಗಲಿಯಲ್ಲಿ. ಕೈಗೆ ಕೆಲಸವಿದ್ದು, ಎದುರಿನವರ ಮುಖ ನೋಡಬೇಕಾಗಿಲ್ಲದಿದ್ದರೆ ನಮ್ಮವರು ಮಾತನಾಡುತ್ತಾರೆ. ಮಗಳ ಮದುವೆಗಿಟ್ಟ ಹಣ ಸ್ಕ್ಯಾನಿಂಗಿಗೆ ಕರಗಿದ್ದು, ಮಲಬದ್ಧತೆ, ಹೆಂಡತಿಯ ಬಳಿ ಮಲಗಲು ಹಿಂಜರಿಕೆ, ಎಲ್ಲವೂ ಅಲ್ಲಿ ಬಂತು. ಮಾರ್ಫಿನ್ ಎಂದರೆ ಕೊನೆಗಾಲ ಎಂದು ನೋವು ನುಂಗಿಕೊಂಡಿದ್ದ ಒಬ್ಬರು, ಪಕ್ಕದವರು ಅದೇ ಮಾತ್ರೆ ತೆಗೆದುಕೊಂಡು ತೋಟಕ್ಕೆ ನೀರು ಬಿಡುವ ಸುದ್ದಿ ಕೇಳಿ ತಾವೂ ಶುರುಮಾಡಿದರು. ನರ್ಸ್ ತಿಂಗಳುಗಟ್ಟಲೆ ಹೇಳಿಯೂ ಆಗದಿದ್ದ ಕೆಲಸವದು. ಮೊದಲ ಮಾತು ಹೊರಡಿಸಲು ನನ್ನದೊಂದು ಉಪಾಯವಿದೆ. ಅದನ್ನು ಬಂದು ನೋಡಿಯೇ ಕಲಿಯಬೇಕು.

ಬಾಯಿ ಕ್ಯಾನ್ಸರಿನವರ ಕೈಗೆ ಅಡಿಕೆಯೇ ಎಂದು ಕೇಳಿದವರಿದ್ದಾರೆ. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಆದ್ದರಿಂದ ನಮ್ಮ ಜಗಲಿಯಲ್ಲಿ ಎಲೆಯಡಿಕೆ ತಟ್ಟೆ ಇಡುವುದಿಲ್ಲ, ಮನೆಯ ಯಜಮಾನರಿಗೂ ವಿನಾಯಿತಿಯಿಲ್ಲ. ಆದರೆ ಇವರ ಬದುಕು ನಡೆಯುವುದು ಅಡಿಕೆಯಿಂದಲೇ, ಅದನ್ನು ಬಿಡಿ ಎನ್ನಲಾರೆ. ಕೀಮೋ ನಡೆಯುವವರಿಗೆ ಕತ್ತಿ ಕೊಡುವುದಿಲ್ಲ. ಪಟೋರ, ಉಳ್ಳಿ, ಕರಿಗೋಟು ಎಂಬ ಕಡಿಮೆ ದರ್ಜೆಯ ಅಡಿಕೆ ಆಯುವ ಕೆಲಸ ಕೊಡುತ್ತೇವೆ. ಬಿಳಿ ರಕ್ತಕಣ ಇಳಿದ ದಿನಗಳಲ್ಲಿ ಧೂಳು, ಬೂಸ್ಟು ಆಗದು, ಬರಲೇಬೇಡಿ ಎನ್ನುತ್ತೇವೆ.

ಸುಲಿದ ಕೂಲಿ ಕಿಲೋಗೆ 10 ರೂಪಾಯಿಯ ಆಸುಪಾಸು, ನೇರ ನಮ್ಮ ಗುಂಪಿನ ಡಬ್ಬಿಗೆ. ಕಳೆದ ಹಂಗಾಮಿನಲ್ಲಿ 20,000ದ ಹತ್ತಿರ ಸೇರಿತು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುವಾಗ ರೈಲಿನಲ್ಲಿ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಇದೆ. ದುಡ್ಡು ಸೋರುವುದು ನಿಲ್ದಾಣದವರೆಗಿನ ಆಟೋ ಬಾಡಿಗೆಗೆ, ರೇಡಿಯೇಶನ್ನಿನ ಆರೇಳು ವಾರಗಳ ಕೋಣೆ ಬಾಡಿಗೆಗೆ. ಸಹಾಯಧನವೆಂದರೆ ಬೇಡವೆನ್ನುತ್ತಿದ್ದವರು ಈ ಡಬ್ಬಿಯಿಂದ ತೆಗೆದುಕೊಳ್ಳುತ್ತಾರೆ, ತಾವೇ ಸುಲಿದ ದುಡ್ಡಲ್ಲವೇ.

ಸುಲಿಯಲು ಅಡಿಕೆಯಿಲ್ಲದ ತಿಂಗಳುಗಳಿಗೆ ಹಿಡಿಸೂಡಿ (ಪೊರಕೆ) ಕಟ್ಟುವುದನ್ನು ಈಗ ಹಚ್ಚಿದ್ದೇನೆ. ಮಾತು ಅಷ್ಟಾಗಿ ಬರುತ್ತಿಲ್ಲ, ಆದರೆ ಹಿಡಿಸೂಡಿ ಮಾರಾಟವಾಗುತ್ತಿದೆ.