10 ಕಿಲೋಮೀಟರ್ ಒಂದು ಗಂಟೆ ಒಳಗೆ ಓಡೋದು ಹೇಗೆ

10ಕೆ ಒಂದ್ಸಲ ಓಡಿ ಮುಗಿಸಿದ ಮೇಲೆ ಹೆಚ್ಚಿನವರಿಗೆ ಬರೋ ಮುಂದಿನ ಆಸೆ ಒಂದೇ, ಟೈಮು 59 ಅಂತ ಶುರುವಾಗಬೇಕು. ಬೆಂಗಳೂರಲ್ಲಿ 2008ರಲ್ಲಿ ವರ್ಲ್ಡ್ 10ಕೆ ಶುರುವಾದಾಗಿಂದ ಈ ದೂರಕ್ಕೆ ನಮ್ಮಲ್ಲಿ ಒಂದು ಬೇರೇನೇ ಬೆಲೆ ಬಂದಿದೆ, ಆಫೀಸಿಗೆ ಹೋಗೋರು, ಮನೆ ನೋಡ್ಕೊಳ್ಳೋರು, ರಿಟೈರ್ ಆದೋರು ಎಲ್ಲ ಓಡ್ತಾರೆ. ಅದೇ ರಸ್ತೆಯಲ್ಲಿ 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ 27 ನಿಮಿಷ 38 ಸೆಕೆಂಡಿಗೆ ಮುಗಿಸಿದ್ರು, ಅಂದ್ರೆ ಕಿಲೋಮೀಟರಿಗೆ 2 ನಿಮಿಷ 46 ಸೆಕೆಂಡ್. ನಮಗೆ ಬೇಕಿರೋದು ಕಿಲೋಮೀಟರಿಗೆ 6 ನಿಮಿಷದ ಒಳಗೆ. ಇದು ಮೂರ್ನಾಲ್ಕು ತಿಂಗಳಿಂದ ನಿಯಮಿತವಾಗಿ ಓಡ್ತಿರೋ ತುಂಬಾ ಜನರ ಕೈಗೆ ಸಿಗೋ ಗುರಿ. ಆದ್ರೆ ತಾಕತ್ತು ಇದ್ದೂ 61, 62ರಲ್ಲಿ ನಿಂತು ಬೇಜಾರು ಮಾಡ್ಕೊಳ್ಳೋರನ್ನ ಪ್ರತಿ ವರ್ಷ ನೋಡ್ತೀವಿ, ಕಾರಣ ಬಹುತೇಕ ಒಂದೇ, ಮೊದಲ ಎರಡು ಕಿಲೋಮೀಟರ್ ಜೋರಾಗಿ ಹೋಗಿರ್ತಾರೆ. ಅದಕ್ಕೇ ಈ ಲೇಖನದಲ್ಲಿ ಪ್ರಾಕ್ಟೀಸಿನಷ್ಟೇ ಜಾಗ ಓಟದ ದಿನದ ಲೆಕ್ಕಕ್ಕೂ ಕೊಟ್ಟಿದ್ದೀನಿ.

ಮೊದಲು ಗುರಿ ಸರಿಯಾಗಿದ್ಯಾ ನೋಡ್ಕೊಳ್ಳಿ

ಒಂದು ದಿನ ಚೆನ್ನಾಗಿ ನಿದ್ದೆ ಮಾಡಿ ಎದ್ದು 5 ಕಿಲೋಮೀಟರ್ ನಿಮ್ಮ ಕೈಲಾದಷ್ಟು ವೇಗವಾಗಿ ಓಡಿ, ಬಂದ ಟೈಮನ್ನ 2.085ರಿಂದ ಗುಣಿಸಿ. ಅದು ನಿಮ್ಮ ಇವತ್ತಿನ 10ಕೆ ಟೈಮಿಗೆ ಹತ್ತಿರ ಇರತ್ತೆ. ದೂರ ಎರಡು ಪಟ್ಟು ಆದಾಗ ಟೈಮು ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗತ್ತೆ ಅನ್ನೋದೇ ಈ ಲೆಕ್ಕ. 5 ಕಿ.ಮೀ. 31 ನಿಮಿಷ ಆಯ್ತು ಅಂದ್ರೆ 10 ಕಿ.ಮೀ.ಗೆ ಸುಮಾರು 64 ನಿಮಿಷ 40 ಸೆಕೆಂಡ್, ಇನ್ನು ಹತ್ತು ವಾರ ಇದ್ರೆ 60ರ ಒಳಗೆ ಬರೋ ಆಸೆ ಇಟ್ಕೋಬಹುದು. 34 ನಿಮಿಷ ಆಯ್ತು ಅಂದ್ರೆ 10ಕೆ 71ರ ಹತ್ತಿರ, ಅಂಥವರು ಈ ಸಲ 66, 67 ಅಂತ ಗುರಿ ಇಟ್ಕೊಳ್ಳಿ, 60 ಮುಂದಿನ ಓಟಕ್ಕಿರಲಿ. ಇದರಲ್ಲಿ ಅವಮಾನ ಏನಿಲ್ಲ, ಆಗದ ಗುರಿ ಹಿಡ್ಕೊಂಡು ಆರನೇ ಕಿಲೋಮೀಟರಿಂದ ನಡ್ಕೊಂಡು ಬರೋದಕ್ಕಿಂತ ಇದು ಎಷ್ಟೋ ವಾಸಿ.

ಬಿಪಿ, ಶುಗರ್, ಹೃದಯದ ತೊಂದರೆ ಇರೋರು, ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲಿ ಹಾರ್ಟ್ ಅಟ್ಯಾಕ್ ಆಗಿರೋರು, ನಲವತ್ತು ದಾಟಿ ಹೊಸದಾಗಿ ವೇಗ ಹೆಚ್ಚಿಸ್ತಿರೋರು ಮೊದಲು ಡಾಕ್ಟರ್ ಹತ್ರ ಹೋಗಿ ಬನ್ನಿ. ಇದನ್ನ ಮುಂದಕ್ಕೆ ಹಾಕ್ಬೇಡಿ.

ಇನ್ನೊಂದು ವಿಷಯ, ಓಟ ಆರಿಸ್ಕೊಳ್ಳೋವಾಗ ರೂಟು ಸರಿಯಾಗಿ ಅಳೆದಿದ್ದಾರಾ ಕೇಳಿ. ಊರ ಕಡೆ ಕೆಲವು ಓಟಗಳಲ್ಲಿ 10ಕೆ ಅಂತ ಹೇಳಿ ರಸ್ತೆ 9.6 ಇರತ್ತೆ, ಕೆಲವು ಕಡೆ 10.4 ಇರತ್ತೆ. ಆ ಓಟಗಳ ಖುಷಿನೇ ಬೇರೆ, ಖಂಡಿತ ಓಡಿ, ಆದ್ರೆ ಟೈಮಿಗೋಸ್ಕರ ಓಡೋದಾದ್ರೆ ಅಳತೆ ಸರ್ಟಿಫೈ ಆಗಿರೋ ರೂಟು, ಚಿಪ್ ಟೈಮಿಂಗ್ (ಓಡೋರ ಹತ್ರ ಇರೋ ಚಿಪ್ಪಿಂದ ಟೈಮು ಅಳೆಯೋದು) ಎರಡೂ ಇರೋ ಓಟ ನೋಡಿ.

ಹತ್ತು ವಾರ, ವಾರಕ್ಕೆ ನಾಲ್ಕು ದಿನ

ನಾಲ್ಕು ದಿನ ಸಾಕು. ಮಂಗಳವಾರ ಸ್ಪೀಡು, ಗುರುವಾರ ನಿಧಾನದ ಓಟ, ಶನಿವಾರ ಮತ್ತೆ ನಿಧಾನ, ಭಾನುವಾರ ಲಾಂಗ್ ರನ್. ನಿಧಾನ ಅಂದ್ರೆ ನಿಜವಾಗ್ಲೂ ನಿಧಾನ, ಕಿಲೋಮೀಟರಿಗೆ 7 ನಿಮಿಷ, ಏಳೂಕಾಲು ನಿಮಿಷ, ಪಕ್ಕದಲ್ಲಿ ಓಡ್ತಿರೋರ ಜೊತೆ ಮನೆ ವಿಚಾರ ಎಲ್ಲ ಉಸಿರು ಕಟ್ಟದೇ ಮಾತಾಡ್ಕೊಂಡು ಹೋಗೋ ಹಾಗಿರಬೇಕು. ನಮ್ಮಲ್ಲಿ ತುಂಬಾ ಜನ ದಿನಾ ಕಿಲೋಮೀಟರಿಗೆ 6:20, 6:30ರಲ್ಲಿ ಓಡ್ತಾರೆ, ಅದು ನಿಧಾನನೂ ಅಲ್ಲ ಸ್ಪೀಡೂ ಅಲ್ಲ, ಮೈ ಸುಸ್ತಾಗತ್ತೆ ಟೈಮು ಮಾತ್ರ ಅಲ್ಲೇ ಇರತ್ತೆ. ನಿಧಾನದ ದಿನ ನಿಧಾನವಾಗಿ ಓಡಿದ್ರೇನೇ ಮಂಗಳವಾರ ಕಾಲಲ್ಲಿ ಶಕ್ತಿ ಇರೋದು.

ಮಂಗಳವಾರದ ಸ್ಪೀಡಿಗೆ ಆದಷ್ಟು 400 ಮೀಟರ್ ಟ್ರ್ಯಾಕ್ ಹುಡುಕ್ಕೊಳ್ಳಿ, ಜಿಲ್ಲಾ ಸ್ಟೇಡಿಯಂ ಇರಬಹುದು, ಕಾಲೇಜು ಗ್ರೌಂಡ್ ಇರಬಹುದು, ಮಣ್ಣಿಂದಾದ್ರೂ ಪರವಾಗಿಲ್ಲ. ಕಬ್ಬನ್ ಪಾರ್ಕಲ್ಲಿ ಬೆಳಗ್ಗೆ ಗಾಡಿ ಬಿಡಲ್ಲ, ಓಡೋಕೆ ಅದಕ್ಕಿಂತ ಒಳ್ಳೇ ಜಾಗ ಬೆಂಗಳೂರಲ್ಲಿ ಇನ್ನೊಂದಿಲ್ಲ ಅಂತಾನೇ ಹೇಳ್ತೀನಿ, ಆದ್ರೆ ಮರಗಳ ಕೆಳಗೆ ವಾಚಿನ ಜಿಪಿಎಸ್ ಆಕಡೆ ಈಕಡೆ ಹಾರಾಡತ್ತೆ, ಪೇಸ್ (ಅಂದ್ರೆ ಒಂದು ಕಿಲೋಮೀಟರಿಗೆ ಹಿಡಿಯೋ ಟೈಮು) ನಂಬೋಕಾಗಲ್ಲ. ಟ್ರ್ಯಾಕಲ್ಲಿ ಆ ಗೊಂದಲ ಇಲ್ಲ. ಒಳಗಿನ ಲೇನಲ್ಲಿ ಒಂದು ಸುತ್ತು 2 ನಿಮಿಷ 22 ಸೆಕೆಂಡಲ್ಲಿ ಬಂದ್ರಿ ಅಂದ್ರೆ ಅದು 5:55ರ ಪೇಸ್, ಅದೇ ನಿಮ್ಮ ಓಟದ ದಿನದ ಪೇಸ್. ಆ ಸುತ್ತನ್ನ ಮತ್ತೆ ಮತ್ತೆ ಓಡಿ ಓಡಿ ಕೊನೆಗೆ ವಾಚ್ ನೋಡದೇನೇ 2:22, 2:23ಕ್ಕೆ ಬರೋ ಹಾಗಾಗಬೇಕು, ಉಸಿರಿನ ಲಯ, ಹೆಜ್ಜೆ ಸದ್ದು ಎರಡರಲ್ಲೇ ಪೇಸ್ ಗೊತ್ತಾಗಬೇಕು. ಓಟದ ದಿನ ಜನ ನಿಮ್ಮನ್ನ ಎಳ್ಕೊಂಡು ಹೋಗೋವಾಗ ಕಾಪಾಡೋದು ಇದೇ.

ಮೊದಲ ಮೂರು ವಾರ 400 ಮೀಟರ್ ಎಂಟು ಸಲ, ಒಂದೊಂದೂ 2:16ರ ಸುಮಾರಿಗೆ, ಮಧ್ಯೆ ಒಂದೂವರೆ ನಿಮಿಷ ನಡಿಗೆ. ನಾಲ್ಕರಿಂದ ಆರನೇ ವಾರದ ತನಕ ಒಂದು ಕಿಲೋಮೀಟರ್ ಐದು ಸಲ, 5:45ರಿಂದ 5:50, ಮಧ್ಯೆ ಎರಡು ನಿಮಿಷ ಸುಮ್ನೆ ಜಾಗಿಂಗ್. ಏಳು ಮತ್ತೆ ಒಂಬತ್ತನೇ ವಾರ ಎರಡು ಕಿಲೋಮೀಟರ್ ಮೂರು ಸಲ, ಒಂದೊಂದೂ 11 ನಿಮಿಷ 50 ಸೆಕೆಂಡ್, ಮಧ್ಯೆ ಮೂರು ನಿಮಿಷ ಬಿಡುವು. ಎಂಟನೇ ವಾರ ಸ್ಪೀಡಿನ ಬದಲು ಮತ್ತೊಂದು ಸಲ 5 ಕಿಲೋಮೀಟರ್ ಟೆಸ್ಟ್. ಅದು 28 ನಿಮಿಷ 45 ಸೆಕೆಂಡಿನ ಹತ್ರ ಬಂದ್ರೆ ನೀವು ರೆಡಿ, 29 ದಾಟಿ ಸ್ವಲ್ಪ ಆಚೆ ಬಂದ್ರೂ ಧೈರ್ಯ ಕಳ್ಕೋಬೇಡಿ, ಓಟದ ದಿನದ ಹುರುಪು ಸ್ವಲ್ಪ ಕೊಡತ್ತೆ. 30ರ ಮೇಲೆ ಬಂದ್ರೆ ಮಾತ್ರ ಗುರಿಯನ್ನ 62, 63ಕ್ಕೆ ಬದಲಾಯಿಸ್ಕೊಳ್ಳಿ.

ಭಾನುವಾರದ ಲಾಂಗ್ ರನ್ 8ರಿಂದ ಶುರು ಮಾಡಿ ಒಂದೊಂದೇ ಹೆಚ್ಚಿಸ್ಕೊಂಡು 13, 14 ಕಿ.ಮೀ. ತನಕ ಹೋಗ್ಲಿ. ಸ್ವಲ್ಪ ಏರು ತಗ್ಗು ಇರೋ ರಸ್ತೆ ಆದ್ರೆ ಒಳ್ಳೇದು. ಮೈಸೂರಿನವರು ಕುಕ್ಕರಹಳ್ಳಿ ಕೆರೆ ಸುತ್ತಬಹುದು, ಬೆಂಗಳೂರಿನವರಿಗೆ ಲಾಲ್‌ಬಾಗ್ ಇದ್ದೇ ಇದೆ. ಮೊಣಕಾಲು, ಮೀನಖಂಡ, ಹಿಮ್ಮಡಿ ಎಲ್ಲಾದ್ರೂ ಓಡ್ತಾ ಓಡ್ತಾ ನೋವು ಜಾಸ್ತಿ ಆಗ್ತಿದ್ರೆ ಅವತ್ತಿಗೆ ನಿಲ್ಲಿಸಿ, ಎರಡು ದಿನ ಬಿಟ್ಟರೆ ಏನೂ ಕಳ್ಕೊಳ್ಳಲ್ಲ.

ಕೊನೇ ವಾರ ಹೊಸದಾಗಿ ಏನೂ ಗಳಿಸೋಕಾಗಲ್ಲ. ಓಡೋದನ್ನ ಅರ್ಧಕ್ಕೆ ಇಳಿಸಿ, ಮಂಗಳವಾರ ಮಾತ್ರ ಒಂದು ಕಿಲೋಮೀಟರ್ ಎರಡು ಸಲ ಓಟದ ಪೇಸಲ್ಲಿ ಓಡಿ, ಮಿಕ್ಕಿದ್ದು ನಿದ್ದೆ.

ಹಿಂದಿನ ದಿನ

ರಾತ್ರಿ ಊಟ ಮಾಮೂಲಿ ಅನ್ನ ಸಾರು, ಸ್ವಲ್ಪ ಪಲ್ಯ, ಬೇಗ ಮುಗಿಸಿ. ಶಕ್ತಿ ಬೇಕು ಅಂತ ಹೊಟ್ಟೆ ಬಿರಿಯ ತಿನ್ನೋ ಅಗತ್ಯ ಇಲ್ಲ, ಒಂದು ಗಂಟೆ ಓಟಕ್ಕೆ ಬೇಕಾದ್ದು ಮೈಯಲ್ಲಿ ಆಗ್ಲೇ ಇರತ್ತೆ. ಜಾಸ್ತಿ ಕಾಳು, ಮೂಲಂಗಿ, ಎಣ್ಣೆ ತಿಂಡಿ ಇವತ್ತು ಬೇಡ, ಬೆಳಗ್ಗೆ ಹೊಟ್ಟೆ ಕೈಕೊಡತ್ತೆ. ನಿಮ್ಮ ನಂಬರ್ ಇರೋ ಚೀಟಿ, ಅಂದ್ರೆ ಬಿಬ್‌ನ ಟೀ ಶರ್ಟಿಗೆ ರಾತ್ರಿನೇ ನಾಲ್ಕು ಮೂಲೆಗೂ ಪಿನ್ ಹಾಕಿ ಇಟ್ಬಿಡಿ, ಈಗ ಹೆಚ್ಚಿನ ಕಡೆ ಚಿಪ್ಪು ಬಿಬ್ಬಿನ ಹಿಂದೇನೇ ಅಂಟಿಸಿರತ್ತೆ, ಅದನ್ನ ಮಡಿಚಬೇಡಿ, ಪಿನ್ನು ಅದಕ್ಕೆ ಚುಚ್ಚದ ಹಾಗೆ ನೋಡ್ಕೊಳ್ಳಿ. ಬಿಬ್ ಕೊಡೋ ಎಕ್ಸ್‌ಪೋದಲ್ಲಿ ತಗೊಂಡ ಹೊಸ ಶೂ, ಹೊಸ ಸಾಕ್ಸ್ ಡಬ್ಬಿಯಲ್ಲೇ ಇರಲಿ, ನಾಲ್ಕೈದು ಸಲ ಓಡಿ ಒಗ್ಗಿರೋ ಶೂನೇ ಹಾಕ್ಕೊಳ್ಳಿ. ಉಜ್ಜೋ ಜಾಗಕ್ಕೆಲ್ಲ ವ್ಯಾಸಲೀನ್. ಮೆಟ್ರೋ ಎಷ್ಟೊತ್ತಿಗೆ ಶುರು, ಯಾವ ರಸ್ತೆ ಬಂದ್ ಇದೆ ಅಂತ ಹಿಂದಿನ ದಿನಾನೇ ನೋಡ್ಕೊಂಡ್ರೆ ಬೆಳಗ್ಗೆ ಗಾಬರಿ ಇರಲ್ಲ. ನಿದ್ದೆ ಬರದೇ ಇದ್ರೂ ಯೋಚನೆ ಮಾಡ್ಬೇಡಿ, ಒಂದು ರಾತ್ರಿ ನಿದ್ದೆ ಕಮ್ಮಿ ಆದ್ರೆ ಓಟ ಕೆಡಲ್ಲ, ಅದರ ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ರೆ ಸಾಕು.

ಓಟದ ಬೆಳಗ್ಗೆ

ಎರಡು ಗಂಟೆ ಮೊದಲು ಎದ್ದು ಒಂದೆರಡು ಏಲಕ್ಕಿ ಬಾಳೆಹಣ್ಣು, ಅಥವಾ ಎರಡು ಇಡ್ಲಿ, ನಿಮಗೆ ಅಭ್ಯಾಸ ಇರೋದು ಯಾವುದೋ ಅದು. ಕಾಫಿ ಕುಡಿಯೋರು ಒಂದು ಗಂಟೆ ಮೊದಲು ಕುಡೀರಿ, ಅದರ ಪ್ರಭಾವ ಸರಿಯಾಗಿ ಓಟದ ಹೊತ್ತಿಗೆ ಸಿಗತ್ತೆ. ಹತ್ತು ನಿಮಿಷ ಮೆಲ್ಲಗೆ ಜಾಗಿಂಗ್, ಆಮೇಲೆ 80 ಮೀಟರ್ ನಾಲ್ಕು ಸಲ ಸ್ವಲ್ಪ ಚುರುಕಾಗಿ. ದೊಡ್ಡ ಓಟಗಳಲ್ಲಿ ಹೋಲ್ಡಿಂಗ್ ಏರಿಯಾದಲ್ಲಿ ಇಪ್ಪತ್ತು ಮೂವತ್ತು ನಿಮಿಷ ನಿಲ್ಲಿಸ್ತಾರೆ, ಅಲ್ಲಿ ಕೂತ್ಕೋಬೇಡಿ, ನಿಂತಲ್ಲೇ ಮೊಣಕಾಲು ಎತ್ತಿ ಎತ್ತಿ ಹೆಜ್ಜೆ ಹಾಕ್ತಾ ಇರಿ. ಹಳೇ ಟೈಮಿಂಗ್ ಸರ್ಟಿಫಿಕೇಟ್ ಇದ್ರೆ ರಿಜಿಸ್ಟ್ರೇಷನ್ ಟೈಮಲ್ಲೇ ಕೊಟ್ಟಿರಿ, ಮುಂದಿನ ಲೈನಪ್ ಸಿಗತ್ತೆ, ಹಿಂದೆ ನಿಂತ್ರೆ ನಡ್ಕೊಂಡು ಹೋಗೋರನ್ನ, ಸೆಲ್ಫಿ ತಗೊಳ್ಳೋರನ್ನ ದಾಟೋದ್ರಲ್ಲೇ ಒಂದು ನಿಮಿಷ ಹೋಗತ್ತೆ.

ಗನ್ ಆದ ತಕ್ಷಣ ವಾಚ್ ಒತ್ಬೇಡಿ. ನಿಮ್ಮ ಟೈಮು ಶುರುವಾಗೋದು ಸ್ಟಾರ್ಟ್ ಲೈನಲ್ಲಿ ಚಿಪ್ ಓದೋ ಮ್ಯಾಟ್ ದಾಟಿದಾಗ, ಅಲ್ಲಿ ಒತ್ತಿ.

ಹತ್ತು ಕಿಲೋಮೀಟರಿನ ಲೆಕ್ಕ

ಮೊದಲ ಎರಡು ಕಿಲೋಮೀಟರ್ 6:05, 6:05. ಇದು ಓದೋಕೆ ಸುಲಭ, ಮಾಡೋದು ಈ ಇಡೀ ಲೇಖನದಲ್ಲೇ ಕಷ್ಟದ ಕೆಲಸ. ಬ್ಯಾಂಡ್ ಬಾರಿಸ್ತಿರ್ತಾರೆ, ಜನ ಕೂಗ್ತಿರ್ತಾರೆ, ಒಂದು ವಾರ ರೆಸ್ಟ್ ಮಾಡಿರೋ ಕಾಲು ಹಗುರ ಇರತ್ತೆ, ಪಕ್ಕದಲ್ಲಿ ನಿಮಗಿಂತ ವಯಸ್ಸಾದೋರು ಸರ್ರನೆ ದಾಟಿ ಹೋಗ್ತಾರೆ, 5:30 ಓಡ್ತಿದ್ರೂ ಜಾಗಿಂಗ್ ಮಾಡ್ತಿರೋ ಹಾಗೆ ಅನ್ಸತ್ತೆ. ಅಲ್ಲಿ ತಡ್ಕೊಳ್ಳಿ. ಮೊದಲ ಕಿಲೋಮೀಟರ್ ನಿಮಗೆ ತೀರಾ ಸುಲಭ ಅನ್ಸಿದ್ರೆ ಮಾತ್ರ ಅದು ಸರಿಯಾದ ಪೇಸು. ಅಲ್ಲಿ 30 ಸೆಕೆಂಡ್ ಉಳಿಸ್ದೆ ಅಂದ್ಕೊಂಡೋರು ಕೊನೇ ಮೂರು ಕಿಲೋಮೀಟರಲ್ಲಿ ಎರಡು ನಿಮಿಷ ಕಳ್ಕೊಂಡಿರ್ತಾರೆ, ಯಾಕಂದ್ರೆ ಬೇಗ ಸುಸ್ತಾದ ಮಾಂಸಖಂಡ ಓಡ್ತಾ ಓಡ್ತಾ ಸುಧಾರಿಸ್ಕೊಳ್ಳಲ್ಲ.

ಮೂರರಿಂದ ಏಳು 5:55. ಮೈ ಸಡಿಲ ಇರಲಿ, ಭುಜ ಕಿವಿ ಹತ್ರ ಏರದೇ ಇರಲಿ. ಬೆಂಗಳೂರಿನ ರಸ್ತೆ ಸಪಾಟು ಅನ್ಸಿದ್ರೂ ಅಲ್ಲಲ್ಲಿ ಏರು ಬರತ್ತೆ, ಏರಲ್ಲಿ ಪೇಸ್ ಹಿಡ್ಕೋಬೇಡಿ, ಉಸಿರಿನ ಲಯ ಹಿಡ್ಕೊಳ್ಳಿ, ಹೆಜ್ಜೆ ಚಿಕ್ಕದು ಮಾಡಿ, ಆ ಕಿಲೋಮೀಟರ್ ಹತ್ತು ಸೆಕೆಂಡ್ ಜಾಸ್ತಿ ಆದ್ರೂ ಇಳಿಜಾರಲ್ಲಿ ವಾಪಸ್ ಬರತ್ತೆ. ರೂಟು ವರ್ಷದಿಂದ ವರ್ಷಕ್ಕೆ ಬದಲಾಗೋದುಂಟು, ಆ ವರ್ಷದ ಮ್ಯಾಪ್ ನೋಡಿ ಒಂದು ವಾರ ಮೊದಲೇ ಏರು ಎಲ್ಲೆಲ್ಲಿದೆ ಅಂತ ಗಾಡಿಯಲ್ಲಾದ್ರೂ ಒಂದು ಸುತ್ತು ಹೋಗಿ ಬನ್ನಿ. ನೀರು ಸಿಕ್ಕಿದ ಕಡೆ ಎರಡು ಮೂರು ಗುಟುಕು ಕುಡಿದು ಮಿಕ್ಕಿದ್ದನ್ನ ತಲೆ ಮೇಲೆ ಸುರ್ಕೊಳ್ಳಿ, ಏಪ್ರಿಲ್ ಬಿಸಿಲಿಗೆ ಅದೇ ದೊಡ್ಡ ಉಪಕಾರ. ಶಕ್ತಿಗೆ ಅಂತ ತಿನ್ನೋ ಜೆಲ್ ಗಿಲ್ ಏನೂ ಬೇಡ.

ಒಂದು ಮುಖ್ಯ ಮಾತು, ವಾಚು ಹೇಳೋ ಕಿಲೋಮೀಟರ್ ನಂಬ್ಬೇಡಿ, ರಸ್ತೆ ಬದಿ ಬೋರ್ಡ್ ನಂಬಿ. ರೂಟನ್ನ ತೀರಾ ಕಮ್ಮಿ ದೂರ ಆಗೋ ದಾರಿಯಲ್ಲಿ ಅಳೆದಿರ್ತಾರೆ, ನಾವು ತಿರುವುಗಳಲ್ಲಿ ಹೊರಗೆ ಹೋಗಿ, ಜನರನ್ನ ದಾಟಿ ದಾಟಿ 10.1, 10.2 ಓಡಿರ್ತೀವಿ. ವಾಚಲ್ಲಿ ಸರಿಯಾಗಿ 6:00 ತೋರಿಸ್ತಾ ಬಂದೋರು ಗಂಟೆ ದಾಟಿ ಮುಗಿಸೋದು ಇದಕ್ಕೇ. ತಿರುವು ಬರ್ತಿದೆ ಅಂದಾಗ ಮೊದಲೇ ಒಳ ಬದಿಗೆ ಬಂದ್ಬಿಡಿ.

5 ಕಿ.ಮೀ. ಬೋರ್ಡಲ್ಲಿ 29:55, 7ರ ಬೋರ್ಡಲ್ಲಿ 41:45. ಈ ಎರಡು ನಂಬರ್ ಮಾತ್ರ ಕೈ ಮೇಲೆ ಪೆನ್ನಲ್ಲಿ ಬರ್ಕೊಂಡ್ರೆ ಸಾಕು. ಏಳರಲ್ಲಿ 41:45 ಇದ್ರೆ ಇನ್ನು ಮೂರು ಕಿಲೋಮೀಟರಿಗೆ 18 ನಿಮಿಷ 15 ಸೆಕೆಂಡ್ ನಿಮ್ಮ ಕೈಯಲ್ಲಿದೆ, ಅಂದ್ರೆ 6:04ರಲ್ಲಿ ಬಂದ್ರೂ ಗಂಟೆ ಒಳಗೇನೇ.

ಎಂಟನೇ ಕಿಲೋಮೀಟರ್ ಬರೋವಾಗ ಎಲ್ಲರಿಗೂ ಕಷ್ಟ ಆಗತ್ತೆ. ಸ್ಟಾರ್ಟಿನ ಗಲಾಟೆ ಮುಗಿದಿರತ್ತೆ, ಫಿನಿಷ್ ಇನ್ನೂ ಕಾಣ್ತಿರಲ್ಲ, ತೊಡೆ ಭಾರ, ಗಂಟಲು ಒಣಗಿ ಅಂಟಿರತ್ತೆ, ಅಕ್ಕಪಕ್ಕ ಒಬ್ಬೊಬ್ರೇ ನಡೆಯೋಕೆ ಶುರು ಮಾಡಿರ್ತಾರೆ, ಅವರನ್ನ ನೋಡಿದ್ರೆ ನಮಗೂ ನಡೆಯೋಣ ಅನ್ಸತ್ತೆ. ಪೂರ್ತಿ ಮೂರು ಕಿಲೋಮೀಟರ್ ಯೋಚನೆ ಬಿಟ್ಟು ಮುಂದೆ ನಿಮ್ಮದೇ ವೇಗದಲ್ಲಿ ಹೋಗ್ತಿರೋ ಒಬ್ಬರ ಟೀ ಶರ್ಟ್ ನೋಡ್ಕೊಂಡು ಅವರ ಹಿಂದೆ ಹೋಗಿ, ಅವರನ್ನ ದಾಟಿದ್ರೆ ಇನ್ನೊಬ್ಬರು. ಕೈ ಚುರುಕಾಗಿ ಆಡಿಸಿ, ಕಾಲು ಅದರ ಜೊತೆ ಬರತ್ತೆ. ಮೊದಲ ಎರಡು ಕಿಲೋಮೀಟರಲ್ಲಿ ತಡ್ಕೊಂಡಿದ್ದವರಿಗೆ ಇಲ್ಲಿ 5:50 ಓಡೋಕೆ ಉಸಿರು ಇರತ್ತೆ, ಜನರನ್ನ ಒಬ್ಬೊಬ್ಬರನ್ನಾಗಿ ದಾಟ್ತಾ ಹೋಗೋದು ಇದೆಯಲ್ಲ, ಅದರಷ್ಟು ಖುಷಿ ಓಟದಲ್ಲಿ ಬೇರೆ ಎಲ್ಲೂ ಸಿಗಲ್ಲ.

ಎದೆ ನೋವು, ತಲೆ ಸುತ್ತು, ಬೆವರು ನಿಂತು ಚಳಿ ಆದ ಹಾಗೆ ಅನ್ನಿಸಿದ್ರೆ ಮಾತ್ರ ಟೈಮು ಬಿಟ್ಟು ತಕ್ಷಣ ನಿಂತು ವಾಲಂಟಿಯರ್ ಕರೀರಿ.

ಕೊನೇ 400 ಮೀಟರ್ ಉಳಿದದ್ದೆಲ್ಲ ಹಾಕಿ, ಟ್ರ್ಯಾಕಿನ ಒಂದು ಸುತ್ತು ಅಷ್ಟೇ. ಫಿನಿಷ್ ಮ್ಯಾಟ್ ದಾಟೋ ತನಕ ವಾಚ್ ನಿಲ್ಲಿಸೋಕೆ ಕೈ ಎತ್ಬೇಡಿ, ಫಿನಿಷ್ ಫೋಟೋಲಿ ಎಲ್ಲರದ್ದೂ ತಲೆ ಬಗ್ಗಿಸಿ ವಾಚ್ ಒತ್ತೋ ಮುಖಾನೇ ಇರತ್ತೆ. ದಾಟಿದ ಮೇಲೆ ಅಲ್ಲೇ ನಿಲ್ಲದೆ ಐದು ಹತ್ತು ನಿಮಿಷ ನಡೀರಿ, ಉಪ್ಪು ಹಾಕಿದ ನಿಂಬೆ ಪಾನಕ ಅಥವಾ ಮಜ್ಜಿಗೆ ಕುಡೀರಿ, ಒಂದು ಗಂಟೆ ಒಳಗೆ ಚೆನ್ನಾಗಿ ತಿಂಡಿ ತಿನ್ನಿ. ಗನ್ ಟೈಮು, ಚಿಪ್ ಟೈಮು ಎರಡೂ ಬರತ್ತೆ, ನಿಮ್ಮದು ಚಿಪ್ ಟೈಮು. ಮೂರು ನಾಲ್ಕು ದಿನ ಬರೀ ನಡಿಗೆ, ಆಮೇಲೆ ಒಂದು ವಾರ ನಿಧಾನದ ಓಟ ಮಾತ್ರ, ಸ್ಪೀಡಿಗೆ ಕೈ ಹಾಕೋದು ಅದಾದ ಮೇಲೆ. 59 ಬಂದಿದ್ರೆ ಮುಂದಿನ ಗುರಿ ನೇರ 55 ಅಂತ ಹಾರ್ಬೇಡಿ, 57:30 ಇಟ್ಕೊಳ್ಳಿ, ಅದಕ್ಕೆ ಕಿಲೋಮೀಟರಿಗೆ 5:45, ಟ್ರ್ಯಾಕಲ್ಲಿ ಸುತ್ತಿಗೆ 2:18.