ಮೆಕ್ಕೆಜೋಳದ ದಿಂಡಿನಿಂದ ಇದ್ದಿಲು ಉಂಡೆ: ಡ್ರಮ್ಮಿನ ಬಾಯಿ ಯಾವಾಗ ಮುಚ್ಚಬೇಕು?

ಕಾಳು ಬಿಡಿಸಿದ ಮೇಲೆ ಉಳಿಯುವ ಮೆಕ್ಕೆಜೋಳದ ದಿಂಡನ್ನು ಹೊಲದಲ್ಲೇ ಸುಟ್ಟುಬಿಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಳೆಯ ಮಣ್ಣಿನ ಗೂಡಿನಲ್ಲಿ 1 ಕಿಲೋ ಇದ್ದಿಲು ಸಿಗಬೇಕಾದರೆ 5ರಿಂದ 10 ಕಿಲೋ ಮರ ಸುಡಬೇಕು. ಕೆರಿಬಿಯನ್ ದೇಶವಾದ ಹೈಟಿಯಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಏಮಿ ಸ್ಮಿತ್ ಮತ್ತು ಅವರ ವಿದ್ಯಾರ್ಥಿಗಳು ಕಬ್ಬಿನ ಸಿಪ್ಪೆಯನ್ನು ಡ್ರಮ್ಮಿನಲ್ಲಿ ಸುಟ್ಟು, ಮರಗೆಣಸಿನ ಗಂಜಿ ಬೆರೆಸಿ ಇದ್ದಿಲು ಉಂಡೆ ಮಾಡುವ ದಾರಿ ತೋರಿಸಿದರು. ನಾನು ಹಿಡಿದಿರುವುದೂ ಅದೇ ದಾರಿ.

200 ಲೀಟರಿನ ಕಬ್ಬಿಣದ ಡ್ರಮ್ ಬೇಕು. ಅದರಲ್ಲಿ ಮೊದಲು ಏನಿತ್ತೆಂದು ತಿಳಿಯದೆ ಕೊಳ್ಳಬೇಡಿ. ಕೀಟನಾಶಕ ತುಂಬಿದ್ದ ಡ್ರಮ್ ಬೇಡವೇ ಬೇಡ. ತಳದಲ್ಲಿ ಹೆಬ್ಬೆರಳು ತೂರುವಷ್ಟು ಹತ್ತಿಪ್ಪತ್ತು ತೂತು ಕೊರೆಸಿ, ಮೂರು ಕಲ್ಲುಗಳ ಮೇಲೆ ನಿಲ್ಲಿಸಿ. ದಿಂಡು ಮುರಿದರೆ ಟಕ್ಕೆಂದು ಸದ್ದಾಗಬೇಕು. ಬಾಗಿದರೆ ಇನ್ನೂ ಹಸಿ ಇದೆ ಎಂದರ್ಥ, ಮತ್ತೆ ಬಿಸಿಲಿಗೆ ಹಾಕಿ.

ಡ್ರಮ್ ತುಂಬಿಸಿ ಬಯಲಿನಲ್ಲಿ ಬೆಂಕಿ ಹಚ್ಚಿದ ಮೇಲೆ ಕಣ್ಣೆಲ್ಲ ಹೊಗೆಯ ಮೇಲಿರಲಿ. ಮೊದಲು ಬರುವುದು ದಟ್ಟ ಬಿಳಿ ಹೊಗೆ: ನೀರಿನ ಆವಿ, ಜೊತೆಗೆ ಟಾರು. ಆಮೇಲೆ ಹೊರಬರುವ ಅನಿಲಗಳಿಗೇ ಬೆಂಕಿ ಹತ್ತಿಕೊಂಡು ಜ್ವಾಲೆ ಮೇಲೇಳುತ್ತದೆ. ಜ್ವಾಲೆ ಕುಗ್ಗಿ, ಹೊಗೆ ತೆಳುವಾಗಿ ಆಚೆಬದಿಯ ಗಿಡ ಸ್ಪಷ್ಟವಾಗಿ ಕಾಣತೊಡಗಿತೋ, ಆ ಕ್ಷಣ ಕಲ್ಲು ಸರಿಸಿ ಡ್ರಮ್ಮನ್ನು ನೆಲಕ್ಕೆ ಕೂರಿಸಿ, ಮುಚ್ಚಳ ಹಾಕಿ, ಮೇಲೂ ಕೆಳಗೂ ಸಂದುಗಳಿಗೆ ಹಸಿ ಮಣ್ಣು ಮೆತ್ತಿ. ಗಾಳಿ ಸಿಗದ ಬೆಂಕಿ ಸಾಯುತ್ತದೆ, ಇಂಗಾಲ ಉಳಿಯುತ್ತದೆ. ನನ್ನ ಮೊದಲ ಡ್ರಮ್ಮಿನ ತಳದಲ್ಲಿ ಬೆರಳಗಲದ ಸಂದೊಂದು ಉಳಿದುಬಿಟ್ಟಿತ್ತು. ಬೆಳಗ್ಗೆ ತೆರೆದಾಗ ದಿಂಡಿನ ಆಕಾರ ಹಾಗೇ ಇತ್ತು, ಮುಟ್ಟಿದೊಡನೆ ಬೂದಿಯಾಗಿ ಕುಸಿಯಿತು. ಪೂರ್ತಿ ತಣ್ಣಗಾಗುವ ಮೊದಲು ಮುಚ್ಚಳ ತೆಗೆದರೂ ಇದೇ ಗತಿ, ಹಾಗಾಗಿ ನಾನು ಒಂದು ರಾತ್ರಿ ಬಿಡುತ್ತೇನೆ.

ತಣಿದ ಇದ್ದಿಲನ್ನು ಗೋಣಿಚೀಲಕ್ಕೆ ತುಂಬಿ ಕುಟ್ಟಿ. ದೂಳು ಪುಪ್ಪುಸಕ್ಕೆ ಇಳಿಯುತ್ತದೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. 10 ಕಿಲೋ ಪುಡಿಗೆ ಅರ್ಧದಿಂದ ಮುಕ್ಕಾಲು ಕಿಲೋ ಮರಗೆಣಸಿನ ಹಿಟ್ಟನ್ನು ಗಂಜಿ ಕಾಯಿಸಿ ಬೆರೆಸುತ್ತೇನೆ. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಗಂಜಿ ಹೆಚ್ಚಾದರೆ ಉರಿಯುವಾಗ ಹೊಗೆ ಬರುತ್ತದೆ. ಅಚ್ಚಿನಲ್ಲಿ ಬಲವಾಗಿ ಒತ್ತಿ, ಬಿಸಿಲಿನಲ್ಲಿ ನಾಲ್ಕೈದು ದಿನ ಒಣಗಿಸಿ.

ಕರಟ ಸಿಕ್ಕರೆ ಬಿಡಬೇಡಿ, ಅದರ ಇದ್ದಿಲು ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಭತ್ತದ ಹೊಟ್ಟಿನ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಅದರಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಉರಿಯದ ವಸ್ತು, ಹೆಚ್ಚು, ಒಲೆ ತುಂಬ ಬೂದಿಯೇ ಉಳಿಯುತ್ತದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಈ ಉಂಡೆಯಿಂದ ಕಣ್ಣುರಿಸುವ ಹೊಗೆ ಬರುವುದಿಲ್ಲ, ಆದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಈ ಒಲೆ ಉರಿಸಬೇಡಿ, ಚಳಿಗೆಂದು ಮಲಗುವ ಕಡೆ ಕೆಂಡ ಇಡಲೇಬೇಡಿ. ಮನೆಯೊಳಗಿನ ವಾಯುಮಾಲಿನ್ಯದಿಂದ 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದ್ದರಿಂದ ಜೈವಿಕ ಅನಿಲವೋ, ಎಥನಾಲ್ ಒಲೆಯೋ, ವಿದ್ಯುತ್ತೋ ಕೈಗೆಟುಕುವ ಮನೆಯವರು ಈ ಉಂಡೆ ಬಿಟ್ಟು ಅತ್ತ ಹೋಗಲಿ ಎಂದೇ ನನ್ನ ಆಸೆ. ದಿನಕ್ಕೊಂದಿಷ್ಟು ಸಗಣಿ, ಅಷ್ಟೇ ನೀರು ಇದ್ದವರಿಗೆ ಜೈವಿಕ ಅನಿಲಕ್ಕಿಂತ ಒಳ್ಳೆಯ ಉರಿ ಇಲ್ಲ.

ಉಂಡೆ ಒಣಗಿದ ಮೇಲೆ ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಒಂದನ್ನು ಬೀಳಿಸಿ ನೋಡಿ. ಎರಡು ಮೂರು ಹೋಳಾದರೆ ಚಿಂತೆಯಿಲ್ಲ, ಪುಡಿಪುಡಿಯಾದರೆ ಮುಂದಿನ ಸಲ ಗಂಜಿ ಸ್ವಲ್ಪ ಹೆಚ್ಚಿಸಿ. ಆಮೇಲೆ ಅರ್ಧ ಕಿಲೋ ಉಂಡೆ, ಅರ್ಧ ಕಿಲೋ ಮರದ ಇದ್ದಿಲು ತೂಗಿ, ಒಂದೇ ಒಲೆ, ಒಂದೇ ಪಾತ್ರೆಯಲ್ಲಿ ಒಂದಾದ ಮೇಲೊಂದರಂತೆ 2 ಲೀಟರ್ ನೀರು ಕುದಿಸಿ, ಹಿಡಿದ ಸಮಯವನ್ನು ಬರೆದಿಟ್ಟುಕೊಳ್ಳಿ.