ಉಪ್ಪಿಟ್ಟು ಪೊಟ್ಟಣ ಬಿಚ್ಚದೆ ಸೇಂಟ್ ಪೀಟರ್ಸ್‌ಬರ್ಗ್ ತಿನ್ನಿಸಿದ ಅನುಭವ

ರಷ್ಯಾಕ್ಕೆ ಗ್ರೂಪ್ ಕರೆದುಕೊಂಡು ಹೋಗುವ ನಮ್ಮವರಿಗೆಲ್ಲ ಊಟದ ಲೆಕ್ಕ ಒಂದೇ. ಬೆಳಿಗ್ಗೆ ಹೋಟೆಲ್ ತಿಂಡಿ, ಮಧ್ಯಾಹ್ನ ಇಂಡಿಯನ್ ರೆಸ್ಟೋರೆಂಟ್, ರಾತ್ರಿ ಮತ್ತೆ ಅದೇ. ಬ್ಯಾಗಿನಲ್ಲಿ ಉಪ್ಪಿಟ್ಟು ಮಿಕ್ಸ್, ಪುಳಿಯೋಗರೆ ಗೊಜ್ಜು. ಸಸ್ಯಾಹಾರಿಗಳನ್ನೇ ಕಟ್ಟಿಕೊಂಡು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಷ್ಯನ್ ಊಟದ ವಾಕ್ ಮಾಡುತ್ತೇನೆ ಎಂದಾಗ ಈ ಫೀಲ್ಡಿನ ಹಳಬರು ನಕ್ಕರು. ‘ಎರಡನೇ ದಿನವೇ ಮೊಸರನ್ನಕ್ಕೆ ಗಲಾಟೆ ಮಾಡ್ತಾರೆ ನೋಡು’ ಅಂದರು. ಈಗ ಅವರೇ ರೂಟ್ ಕೇಳಿ ಫೋನ್ ಮಾಡುತ್ತಾರೆ. ಪೂರ್ತಿ ಹೇಳಲ್ಲ, ಮುಕ್ಕಾಲು ಹೇಳುತ್ತೇನೆ.

ಎಲ್ಲಾ ನಿಂತಿರುವುದು ಕ್ಯಾಲೆಂಡರಿನ ಮೇಲೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರ್‌ಗೆ ಮುಂಚೆ 48 ದಿನ ಉಪವಾಸ ಹಿಡಿಯುತ್ತಾರೆ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಆಗ ಒಳ್ಳೆಯ ರೆಸ್ಟೋರೆಂಟುಗಳಿಂದ ಹಿಡಿದು ಸಾದಾ ಕ್ಯಾಂಟೀನುಗಳವರೆಗೆ ಬಹಳ ಕಡೆ ‘ಪೋಸ್ತ್‌ನಯೆ’ ಎನ್ನುವ ಬೇರೆ ಮೆನು ಬರುತ್ತದೆ. 2026ರಲ್ಲಿ ಅದು ಫೆಬ್ರವರಿ 23ಕ್ಕೆ ಶುರು, 2027ರಲ್ಲಿ ಮಾರ್ಚ್ 15ಕ್ಕೆ. ಅದರ ಹಿಂದಿನ ವಾರ ಮಾಸ್ಲೆನಿತ್ಸ. ಅಷ್ಟರಲ್ಲಿ ಮಾಂಸ ಬಿಟ್ಟಿರುತ್ತಾರೆ, ಬೆಣ್ಣೆ ಮತ್ತು ಸ್ಮೆತಾನ ಎಂಬ ಹುಳಿ ಕೆನೆ ಸುರಿದು ಬ್ಲಿನಿ, ಅಂದರೆ ತೆಳು ದೋಸೆಯಂಥದ್ದನ್ನು ತಿನ್ನುತ್ತಾರೆ. ಈ ವಾರದ ಕೊನೆ, ಉಪವಾಸದ ಆರಂಭ ಎರಡೂ ಸಿಗುವ ಹಾಗೆ ನಾನು ಟಿಕೆಟ್ ಮಾಡುತ್ತೇನೆ. ಬ್ಲಿನಿಗೆ ಮೊಟ್ಟೆ ಬೀಳುತ್ತದೆ. ಮೊಟ್ಟೆ ಮುಟ್ಟದವರಿಗೆ ಉಪವಾಸದ ಯೀಸ್ಟ್ ಬ್ಲಿನಿಯೇ ಗತಿ, ರುಚಿಯೂ ಅದೇ ಜಾಸ್ತಿ ಅಂತ ನನ್ನ ಅಭಿಪ್ರಾಯ.

‘ಬಿಳಿ ರಾತ್ರಿ ಬಿಟ್ಟು ಆ ಚಳಿಯಲ್ಲಿ ಯಾರು ಬರ್ತಾರೆ?’ ಇದು ಎರಡನೇ ಆಕ್ಷೇಪ. ಬಿಳಿ ರಾತ್ರಿ ಅಂದರೆ ಜೂನ್ ಆಸುಪಾಸು ರಾತ್ರಿಯೂ ಪೂರ್ತಿ ಕತ್ತಲಾಗದ ಕಾಲ. ನಿಜ, ಪರೀಕ್ಷೆ ಸಮಯ, ಮಕ್ಕಳಿರುವ ಮನೆಯವರು ಬರುವುದಿಲ್ಲ. ರಿಟೈರ್ ಆದವರು ಬರುತ್ತಾರೆ. ಅವರಿಗೆ ಊಟದ ಬಗ್ಗೆ ಆಸಕ್ತಿಯೂ ಇದೆ, ಪುರುಸೊತ್ತೂ ಇದೆ. ಜೂನ್‌ಗೆ ಹೋಲಿಸಿದರೆ ಹೋಟೆಲ್ ರೂಮು ನನಗೆ ಹೆಚ್ಚುಕಡಿಮೆ ಅರ್ಧಕ್ಕೇ ಸಿಕ್ಕಿದೆ. ಉಳಿದ ದುಡ್ಡನ್ನು ಊಟಕ್ಕೆ ಹಾಕಿದೆ.

ಮೊದಲ ಸಲ ಕೈಗೆ ಬಂದದ್ದು ನಷ್ಟವೇ. ಉಪವಾಸಕ್ಕೆ ಮುಂಚಿನ ದಿನಗಳಲ್ಲಿ ಅಣಬೆ ಸೂಪ್ ಅಂತ ಹೇಳಿ ತಂದಿಟ್ಟರು, ಕುದಿಸಿದ್ದು ಮಾಂಸದ ಸ್ಟಾಕ್‌ನಲ್ಲಿ. ಇಡೀ ಟೇಬಲ್ ಎದ್ದಿತು. ಬಿಲ್ ಮಾತ್ರ ಪೂರ್ತಿ ಕೊಡಬೇಕಾಯಿತು, ಹದಿನೈದು ಸಾವಿರ ರೂಬಲ್ ಹತ್ತಿರ. ರೂಬಲ್ ಸುಮಾರಾಗಿ ನಮ್ಮ ರೂಪಾಯಿಯಷ್ಟೇ, ಲೆಕ್ಕ ಹಾಕಿಕೊಳ್ಳಿ. ಉಪವಾಸದ ಮೆನುವಿನಲ್ಲೂ ಕಣ್ಣು ಬಿಟ್ಟು ಓದಬೇಕು, ಸೀಗಡಿ, ಸ್ಕ್ವಿಡ್ ಸೇರಿಸುವವರಿದ್ದಾರೆ. ಇನ್ನೊಂದು ತಾಪತ್ರಯ ಯಾರೂ ಹೇಳಿರಲಿಲ್ಲ. ಉಪವಾಸದ ಅಡುಗೆ ಅರ್ಧ ನಿಂತಿರುವುದೇ ಅಣಬೆ ಮೇಲೆ, ನಮ್ಮ ಹಿರಿಯರಲ್ಲಿ ಬಹಳ ಜನ ಅಣಬೆ ಮುಟ್ಟುವುದಿಲ್ಲ! ಈಗ ಬುಕಿಂಗ್ ಫಾರ್ಮಿನಲ್ಲೇ ಕೇಳುತ್ತೇನೆ. ಅವರಿಗೆ ಶ್ಚಿ ಎಂಬ ಎಲೆಕೋಸಿನ ಸೂಪ್, ಬೀನ್ಸ್ ಹಾಕಿದ ಬೋರ್ಷ್ ಎಂಬ ಬೀಟ್‌ರೂಟ್ ಸೂಪ್, ಆಲೂಗಡ್ಡೆ ತುಂಬಿದ ಕಡುಬಿನಂಥ ವರೇನಿಕಿ.

ದಾರಿ ಹೀಗೆ. ಶುರು ವ್ಲದಿಮಿರ್ಸ್ಕಯ ಮೆಟ್ರೊ ಪಕ್ಕದ ಕುಜ್ನೆಚ್ನಿ ಮಾರ್ಕೆಟ್. ಎಲ್ಲರೂ ಸಿಹಿಯಿಂದ ಶುರು ಮಾಡಿಸುತ್ತಾರೆ, ನಾನು ಹುಳಿಯಿಂದ. ಉಪ್ಪುನೀರಿನ ಸೌತೆಕಾಯಿ, ಹುಳಿ ಬಂದ ಎಲೆಕೋಸು, ಆಮೇಲೆ ಕೊರಿಯನ್ ಕ್ಯಾರೆಟ್. 1937ರಲ್ಲಿ ಸ್ಟಾಲಿನ್ ಸರ್ಕಾರ ಸೋವಿಯತ್ ಕೊರಿಯನ್ನರನ್ನು ಮಧ್ಯ ಏಷ್ಯಾಕ್ಕೆ ಅಟ್ಟಿತು. ಅವರ ಕಿಮ್ಚಿ ಎಂಬ ಖಾರದ ಉಪ್ಪಿನಕಾಯಿಗೆ ಬೇಕಾದ ಕೋಸು ಅಲ್ಲಿ ಸಿಗದೆ ಕ್ಯಾರೆಟ್‌ನಲ್ಲಿ ಮಾಡಿಕೊಂಡರು. ಕೊತ್ತಂಬರಿ ಬೀಜ, ಬೆಳ್ಳುಳ್ಳಿ, ಮೆಣಸಿನಪುಡಿ. ಇದು ಬಾಯಿಗೆ ಬಿದ್ದ ಮೇಲೆ ನಮ್ಮವರ ಮುಖ ಸಡಿಲಾಗುತ್ತದೆ. ಸೌತೆಕಾಯಿ ಭರಣಿಯಲ್ಲಿ ಸೊಪ್ಪು ಕಂಡು ‘ಇದು ನಮ್ಮ ಸಬ್ಬಸಿಗೆ ಅಲ್ವಾ ಸಾರ್?’ ಎನ್ನುವವರು ಪ್ರತಿ ಗ್ರೂಪಿನಲ್ಲೂ ಇದ್ದಾರೆ. ಹೌದು, ಅದೇ. ರಷ್ಯಾದವರು ಅದನ್ನು ಹಾಕದ ಅಡುಗೆ ಹುಡುಕಬೇಕು.

ಅಲ್ಲಿಂದ ಬ್ರೆಡ್. ಬೊರೊದಿನ್‌ಸ್ಕಿ ಎಂಬ ಕಪ್ಪು ರೈ ಬ್ರೆಡ್ಡಿನ ಮೇಲೂ ಕೊತ್ತಂಬರಿ ಬೀಜ. ಬ್ರೆಡ್ ತಟ್ಟೆಯಲ್ಲಿ ಬಿಡಬೇಡಿ ಎಂದು ಮೊದಲೇ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಈ ಊರು 872 ದಿನ ಜರ್ಮನ್ನರ ಮುತ್ತಿಗೆ ಕಂಡಿದೆ. 1941ರ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಮಕ್ಕಳಿಗೂ ಮನೆಯಲ್ಲಿರುವವರಿಗೂ ಸಿಕ್ಕಿದ್ದು ದಿನಕ್ಕೆ 125 ಗ್ರಾಂ ಬ್ರೆಡ್. ಹಿಂದೆ ನಮ್ಮ ಗ್ರೂಪ್ ಬ್ರೆಡ್ ಬಿಟ್ಟು ಎದ್ದಾಗ ಟೇಬಲ್ ಒರೆಸುವ ಅಜ್ಜಿ ಏನೂ ಅನ್ನದೆ ಚೂರುಗಳನ್ನು ಆರಿಸಿ ಪೇಪರಿನಲ್ಲಿ ಕಟ್ಟಿಟ್ಟರು. ಅಂದಿನಿಂದ ತುಂಡು ಸಣ್ಣದು ಮಾಡಿಸಿದ್ದೇನೆ.

ಮಧ್ಯಾಹ್ನದ ಊಟ ಒಂದು ಕ್ಯಾಂಟೀನಿನಲ್ಲಿ. ಹೆಸರು ಹೇಳಲ್ಲ. ಗ್ರೆಚ್ಕ ಎನ್ನುವ ಬಕ್‌ವೀಟ್ ಅನ್ನ, ವಿನೆಗ್ರೆತ್ ಎನ್ನುವ ಬೀಟ್‌ರೂಟ್ ಪಲ್ಯದಂಥದ್ದು, ಖಾರಕ್ಕೆ ಅಲ್ಲಿನ ಸಾಸಿವೆ. ಆ ಸಾಸಿವೆ ಮೂಗಿಗೆ ಹತ್ತುತ್ತದೆ, ಚಟ್ನಿಪುಡಿ ನೆನಪೇ ಬರುವುದಿಲ್ಲ. ಅಡುಗೆಯವರಿಗೆ ಹಿಂದಿನ ದಿನ ಏನು ಹೇಳಿಡಬೇಕು ಅನ್ನುವುದು ನನ್ನ ಹೊಟ್ಟೆಪಾಡು, ಬಿಡಿ. ಆಮೇಲೆ ದಸ್ತಯೇವ್‌ಸ್ಕಯ ನಿಲ್ದಾಣದಿಂದ ಎರಡು ಸ್ಟಾಪ್, ಅಲೆಕ್ಸಾಂಡರ್ ನೆವ್‌ಸ್ಕಿ ಮಠ. ಅದರ ಬೇಕರಿಯಲ್ಲಿ ಪಿರೋಗಿ, ಅಂದರೆ ಎಲೆಕೋಸು ತುಂಬಿ ಬೇಯಿಸಿದ ಪೈ. ಮಠ ಅಂದಮೇಲೆ ಹಿರಿಯರು ಪ್ರಸಾದದ ಭಕ್ತಿಯಲ್ಲೇ ತಿನ್ನುತ್ತಾರೆ. ಕೊನೆಗೆ ಬೊಲ್ಶಾಯ ಕೊನ್ಯುಶೆನ್ನಯ ಬೀದಿಯಲ್ಲಿ 1958ರಿಂದ ನಡೆಯುತ್ತಿರುವ ಪಿಷೆಚ್ನಯ. ಸಕ್ಕರೆಪುಡಿ ಉದುರಿಸಿದ ಬಿಸಿ ಪಿಷ್ಕಿ, ಅಂದರೆ ಕರಿದ ಡೋನಟ್, ಜೊತೆಗೆ ಕಂಡೆನ್ಸ್ಡ್ ಮಿಲ್ಕ್ ಹಾಕಿದ ಕಾಫಿ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಪಿಷ್ಕಿ ಬೇಡ, ಕಾಫಿ ಮಾತ್ರ. ಫಿಲ್ಟರ್ ಕಾಫಿ ನಿರೀಕ್ಷೆ ಇಟ್ಟುಕೊಳ್ಳಬೇಡಿ, ಆದರೆ ಸಿಹಿ ಸಾಕಷ್ಟಿದೆ.

ಖರ್ಚು ತಲೆಗೆ ಎರಡು, ಎರಡೂವರೆ ಸಾವಿರ ರೂಬಲ್, ಸ್ಥಳೀಯ ಗೈಡ್ ಫೀಸ್ ಬಿಟ್ಟು. ಎಲ್ಲಾ ಕ್ಯಾಶ್. 2022ರ ಮಾರ್ಚ್‌ನಿಂದ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಮಡಿಕೆ ಬಿದ್ದ, ಗೀಚಿದ ಡಾಲರ್ ನೋಟನ್ನು ಬ್ಯಾಂಕಿನವರು ಹಿಂದಕ್ಕೆ ತಳ್ಳಿದ್ದಾರೆ, ಗರಿಗರಿ ನೋಟೇ ಒಯ್ಯಿರಿ. ಬುಕಿಂಗ್ ಮಾಡಿಸಿಕೊಡುತ್ತೇನೆ ಎಂದ ಒಬ್ಬ ಏಜೆಂಟ್ ಅಡ್ವಾನ್ಸ್ ತಿಂದು ಸುಮ್ಮನಾದ. ಅದರ ಮೇಲೆ ಸ್ಥಳದಲ್ಲೇ, ಊಟ ಆದಮೇಲೇ ದುಡ್ಡು.

ಮೊಸರನ್ನದ ಸವಾಲನ್ನೂ ಬಿಟ್ಟಿಲ್ಲ. ಅಪಾರ್ಟ್‌ಮೆಂಟ್ ಅಡುಗೆಮನೆಯಲ್ಲಿ ಕೆಫಿರ್ ಎಂಬ ಹುಳಿಹಾಲು ಹಾಕಿ ನೋಡಿದೆ, ನೊರೆ ನೊರೆ, ಆಗಲಿಲ್ಲ. ಪ್ರಸ್ತಕ್ವಾಶ ಅಂತ ಸಿಗುತ್ತದೆ, ಅದು ಮೊಸರೇ. ಕ್ರಾಸ್ನದಾರ್‌ನ ದುಂಡಕ್ಕಿ ಮೆತ್ತಗೆ ಬೇಯಿಸಿ, ಸಬ್ಬಸಿಗೆ ಹೆಚ್ಚಿ ಹಾಕಿ ಕೊಟ್ಟೆ. ಪಾತ್ರೆ ಖಾಲಿ.

ಮಂಗಳೂರು ಕಡೆಯವರಿಗೆ ಬೇರೆ ಬ್ಯಾಚ್, ಮೇ ತಿಂಗಳಲ್ಲಿ. ಆಗ ಕೊರ್ಯುಷ್ಕ ಎಂಬ ಸಣ್ಣ ಮೀನಿನ ಕಾಲ. ಹಸಿಯಾಗಿದ್ದಾಗ ಥೇಟ್ ಸೌತೆಕಾಯಿ ವಾಸನೆ. ಅಲ್ಲಿ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ನಾನು ಅಂಗಡಿಯಿಂದ ಮಾನ್ಕ, ಅಂದರೆ ರವೆ ತಂದು ಕೊಟ್ಟು, ಮೆಣಸಿನಪುಡಿ ಸೇರಿಸಿ ರವಾ ಫ್ರೈ ಮಾಡಿಸಿದೆ. ಅಡುಗೆಯಾತ ಮೊದಲು ಗೊಣಗಿದ, ಆಮೇಲೆ ತನಗೂ ಒಂದು ತಟ್ಟೆ ತೆಗೆದಿಟ್ಟ. ಮಸಾಲೆಯ ಅಳತೆ ಕೇಳಿದ, ಕೊಟ್ಟಿಲ್ಲ.